ಆಕ್ಸೊಲಾಟಲ್‌ನ ಸಣ್ಣಪುಟ್ಟ ಬೇನೆಗಳು: ಲಕ್ಷಣ ಮತ್ತು ಉಪಚಾರ

ಇತಿಹಾಸದ ಅಧ್ಯಾಪಕನೊಬ್ಬನು ಜಲಚರದ ಬೇನೆಗಳನ್ನು ಕುರಿತು ಬರೆಯುವುದೇಕೆಂದು ವಾಚಕರು ಕೇಳಬಹುದು. ಪ್ರಾಣಿಯನ್ನು ಸಾಕುವ ವಿದ್ಯೆಗೂ ಒಂದು ಇತಿಹಾಸವುಂಟು. ಕುರೆಕುಪ್ಪದ ಸೀಮೆಗೆ ಸೇರಿದ ಕುಡತಿನಿಯ ಬೂದಿದಿಬ್ಬವು ನವಶಿಲಾಯುಗದ ಪಶುಪಾಲಕರು ಸಗಣಿಯನ್ನು ಒಟ್ಟಿ ಸುಟ್ಟುದರ ಕುರುಹು. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿಯೇ ‘ಗೋವೈದ್ಯ’ವನ್ನು ರಚಿಸಿದನು. ದನಕರುಗಳ ಬೇನೆಯನ್ನು ಗುರುತಿಸುವ ಅರಿವು ಹೀಗೆ ನಮಗೆ ಪರಂಪರಾಗತವಾದುದು. ಈಚೆಗೆ ಮನೆಗಳ ಗಾಜಿನ ತೊಟ್ಟಿಗಳನ್ನು ಸೇರುತ್ತಿರುವ ಆಕ್ಸೊಲಾಟಲ್‌ನ ವಿಷಯದಲ್ಲಿ ಮಾತ್ರ ಆ ಪರಂಪರೆಯ ನೆರವಿಲ್ಲ.

ಇದು ಮೀನಲ್ಲ, ಕಪ್ಪೆಯಂತೆ ಉಭಯಚರ ವರ್ಗಕ್ಕೆ ಸೇರಿದ ಸಾಲಮಾಂಡರ್. ಮೆಕ್ಸಿಕೊ ನಗರದ ಸೊಚಿಮಿಲ್ಕೊ ಸರೋವರ ಪ್ರದೇಶ ಇದರ ತವರು. ಹಂಬೋಲ್ಟ್‌ನು 1804ರಲ್ಲಿ ಇದರ ಮಾದರಿಗಳನ್ನು ಪ್ಯಾರಿಸಿಗೆ ಒಯ್ದನು. 1864ರಲ್ಲಿ ಅಲ್ಲಿಗೆ ಬಂದ ಜೀವಂತ ಪ್ರಾಣಿಗಳಿಂದ ಯೂರೋಪಿನಲ್ಲಿ ಇದರ ಸಂತತಿ ಬೆಳೆಯಿತು. ಮರಿಯ ಕಿವಿರುಗಳನ್ನು ಜೀವಮಾನವಿಡೀ ಉಳಿಸಿಕೊಳ್ಳುವುದು, ಕಳೆದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವುದು ಇದರ ವೈಶಿಷ್ಟ್ಯ.

ಎತ್ತರದ ತಂಪು ನೀರಿನ ಈ ಜೀವಿಗೆ 16ರಿಂದ 18 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಹಿತ. 24 ಡಿಗ್ರಿಯನ್ನು ಮೀರಿದರೆ ಅಪಾಯ. ನಮ್ಮ ಬಳ್ಳಾರಿ ಸೀಮೆಯಲ್ಲಾದರೋ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದುಂಟು. ಆದುದರಿಂದ ಇಲ್ಲಿ ಬೇನೆಯ ಮೊದಲ ಕಾರಣವನ್ನು ನೀರಿನಲ್ಲಿಯೇ ಹುಡುಕಬೇಕು.

ಲಕ್ಷಣಗಳನ್ನು ಕ್ರಮವಾಗಿ ನೋಡೋಣ. ಕಿವಿರುಗಳು ಮುಂದಕ್ಕೆ ಬಾಗಿದ್ದರೆ ಅಥವಾ ಬಾಲದ ತುದಿ ಸುರುಳಿಗೊಂಡಿದ್ದರೆ ಪ್ರಾಣಿಯು ಬಳಲಿದೆಯೆಂದು ತಿಳಿಯಬೇಕು. ನೀರಿನ ರಭಸ, ಬಿಸಿ, ಅಥವಾ ಕೂಡಿಕೊಂಡ ಅಮೋನಿಯಾ ಇದಕ್ಕೆ ಕಾರಣವಾಗಬಹುದು. ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟ್‌ಗಳು ಲೇಶವೂ ಇರಬಾರದು. ಕಿವಿರಿನ ಮೇಲೆ ಹತ್ತಿಯ ಎಳೆಯಂತಹ ಬಿಳಿಯ ಬೆಳೆ ಕಂಡರೆ ಅದು ಬಹುಮಟ್ಟಿಗೆ ಬೂಷ್ಟಿನ ಸೋಂಕು. ಆಹಾರವನ್ನು ಬಿಟ್ಟು ಮೇಲೆಯೇ ತೇಲುತ್ತಿದ್ದರೆ ಗಾಳಿ ನುಂಗಿರಬಹುದು, ಮಲಬದ್ಧತೆಯಾಗಿರಬಹುದು, ಇಲ್ಲವೆ ಸಣ್ಣ ಕಲ್ಲನ್ನು ನುಂಗಿರಬಹುದು. ಬಾಯಿಗೆ ಹಿಡಿಯುವ ಗಾತ್ರದ ಕಲ್ಲುಗಳನ್ನು ತೊಟ್ಟಿಯಲ್ಲಿ ಹಾಕಲೇಬಾರದು.

ಉಪಚಾರವೂ ಸರಳವಾದುದೇ. ಬೇನೆಯ ಪ್ರಾಣಿಯನ್ನು ಬೇರೆಯ ಪಾತ್ರೆಯಲ್ಲಿರಿಸಿ, ಕ್ಲೋರಿನ್ ನೀಗಿದ, ಅಷ್ಟೇ ತಂಪಾದ ನೀರನ್ನು ಪ್ರತಿದಿನವೂ ಪೂರ್ತಿಯಾಗಿ ಬದಲಿಸಬೇಕು. ಬೂಷ್ಟಿಗೆ ಅಯೋಡಿನ್ ಬೆರೆಸದ ಉಪ್ಪನ್ನು ಲೀಟರಿಗೆ ಎರಡು ಚಹಾ ಚಮಚದಂತೆ ಕರಗಿಸಿ ಹತ್ತು ನಿಮಿಷ ಮಾತ್ರ ಇರಿಸಬಹುದು; ಅದಕ್ಕಿಂತ ಹೆಚ್ಚು ಹೊತ್ತಾದರೆ ಚರ್ಮಕ್ಕೂ ಕಿವಿರಿಗೂ ಹಾನಿ. ಇದರ ಚರ್ಮ ದ್ರವಗಳನ್ನು ಹೀರಿಕೊಳ್ಳುವಂತಹುದು. ಆದಕಾರಣ ಮೀನಿನ ಔಷಧಗಳನ್ನು ವಿಚಾರಿಸದೆ ಸುರಿಯಲಾಗದು, ಸಾಬೂನು ಸೋಂಕಿದ ಕೈಯಿಂದ ಮುಟ್ಟಲೂ ಆಗದು. ಬಿಸಿಲುಗಾಲದಲ್ಲಿ ಮೇಲ್ಮೈಗೆ ಬೀಸಣಿಗೆಯ ಗಾಳಿ ಹಾಯಿಸಿದರೆ ನಮ್ಮ ಒಣಹವೆಯಲ್ಲಿ ನೀರು ಆವಿಯಾಗಿ ತಣಿಯುತ್ತದೆ. ಹೆಪ್ಪುಗಟ್ಟಿಸಿದ ನೀರಿನ ಮುಚ್ಚಿದ ಬಾಟಲಿಯನ್ನು ತೇಲಿಸುವುದೂ ಉಂಟು. ಆದರೆ ಉಷ್ಣತೆಯು ಒಮ್ಮೆಗೇ ಇಳಿಯಬಾರದು. ಕೆಲವು ದಿನಗಳಲ್ಲಿ ಗುಣ ಕಾಣದಿದ್ದರೆ, ಹುಣ್ಣು ಅಥವಾ ಊತ ತೋರಿದರೆ, ಪಶುವೈದ್ಯರಿಗೆ ತೋರಿಸುವುದೇ ಯುಕ್ತ.

ಮತ್ತೊಂದು ಮಾತು. ತವರಿನಲ್ಲಿ ಇದರ ಸಂಖ್ಯೆ ತೀರ ಕುಗ್ಗಿದ್ದು, ಅಳಿವಿನ ಅಂಚಿನಲ್ಲಿರುವ ಜೀವಿಯೆಂದು ಇದನ್ನು ಗಣಿಸಲಾಗಿದೆ. ಇದನ್ನು ಸಾಕುವವರು, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳ ಒಡೆತನವನ್ನು ಕುರಿತ ನೋಂದಣಿಯ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು. ಸಾಕಲಾರೆನೆಂದು ತುಂಗಭದ್ರೆಗೆ ಬಿಡುವುದಂತೂ ಜೀವಿಗೂ ನದಿಗೂ ಮಾಡುವ ಅಪಚಾರ.

ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರನ್ನು ತಂಪಾಗಿಡಲು ಶಕ್ತಿಯಿಲ್ಲದವರು ಇದನ್ನು ಮನೆಗೆ ತರದಿರುವುದೇ ಮೊದಲ ಉಪಚಾರ. ತಂದವರು ದಿನಕ್ಕೊಮ್ಮೆಯಾದರೂ ಕಿವಿರನ್ನೂ ಬಾಲವನ್ನೂ ಆಹಾರದ ರುಚಿಯನ್ನೂ ಗಮನಿಸಲಿ. ಮೂಕಪ್ರಾಣಿಯು ತನ್ನ ನೋವನ್ನು ಬೇರಾವ ರೀತಿಯಿಂದ ತಿಳಿಸೀತು?