ಕಾಲೇಜಿನ ಅಂಗಣದಿಂದ ವೃತ್ತಿಪರ ಅಂಗಣಕ್ಕೆ: ಅಮೆರಿಕದ ಫುಟ್‌ಬಾಲ್ ತರಬೇತುದಾರರ ಸಾಫಲ್ಯ ವೈಫಲ್ಯಗಳ ವಿಚಾರ

ಒಂದು ಸಂಸ್ಥೆಯಲ್ಲಿ ಯಶಸ್ಸು ಗಳಿಸಿದವನು ಮತ್ತೊಂದು ಸಂಸ್ಥೆಯಲ್ಲಿಯೂ ಅಷ್ಟೇ ಯಶಸ್ಸನ್ನು ಗಳಿಸಬಲ್ಲನೆ? ಯಶಸ್ಸೆಂಬುದು ವ್ಯಕ್ತಿಗೆ ಸೇರಿದ ಗುಣವೋ, ಅಥವಾ ಅವನು ನಿಂತ ನೆಲಕ್ಕೆ ಸೇರಿದುದೋ? ಇತಿಹಾಸದ ಅಭ್ಯಾಸಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಸೇನಾಪತಿಗಳ ವಿಷಯದಲ್ಲಿಯೂ ಮಂತ್ರಿಗಳ ವಿಷಯದಲ್ಲಿಯೂ ಅದನ್ನು ನಾವು ಪದೇ ಪದೇ ಕೇಳುತ್ತೇವೆ. ಆದರೆ ಅಲ್ಲಿ ಸಾಕ್ಷ್ಯ ವಿರಳ, ಅಳತೆಗೋಲು ಅನಿಶ್ಚಿತ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಫುಟ್‌ಬಾಲ್ ಆಟದಲ್ಲಿಯಾದರೋ ಗೆಲವು ಸೋಲುಗಳ ಲೆಕ್ಕ ವರ್ಷವರ್ಷಕ್ಕೂ ದೊರೆಯುತ್ತದೆ. ಆದಕಾರಣ ಆ ಕ್ಷೇತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಹೇಳುವ ಫುಟ್‌ಬಾಲ್ ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕಾಲ್ಚೆಂಡಾಟವಲ್ಲ. ಅಂಡಾಕೃತಿಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ತಡೆದು ಕೆಡಹುವ ಅಮೆರಿಕದ ಆಟವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1. ಎರಡು ಸಂಸ್ಥೆಗಳ ಹುಟ್ಟು

ಈ ಆಟದ ತವರು ಕಾಲೇಜು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಅದರ ಆರಂಭವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಹಣಕ್ಕಾಗಿ ಆಡುವ ಪದ್ಧತಿ ಬಂದುದು ಆಮೇಲೆ; 1892ರಲ್ಲಿ ಪಿಟ್ಸ್‌ಬರ್ಗಿನ ಒಂದು ಸಂಘದಿಂದ ಹೆಫೆಲ್‌ಫಿಂಗರ್ ಎಂಬ ಆಟಗಾರನು ಒಂದು ಪಂದ್ಯಕ್ಕೆ 500 ಡಾಲರು ಪಡೆದುದೇ ಅದರ ಮೊದಲ ದಾಖಲೆ. ಇಂದಿನ ನ್ಯಾಷನಲ್ ಫುಟ್‌ಬಾಲ್ ಲೀಗು 1920ರಲ್ಲಿ ಒಹಾಯೊ ಸಂಸ್ಥಾನದ ಕ್ಯಾಂಟನ್ ಪಟ್ಟಣದಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ, 1922ರಲ್ಲಿ ಈಗಿನ ಹೆಸರನ್ನು ತಾಳಿತು. ಹೀಗೆ ವೃತ್ತಿಪರ ಆಟವು ಕಾಲೇಜಿನ ಆಟಕ್ಕೆ ಮಗುವಾಗಿ ಹುಟ್ಟಿ, ಕಾಲಕ್ರಮದಲ್ಲಿ ಧನದಲ್ಲಿಯೂ ಪ್ರಚಾರದಲ್ಲಿಯೂ ತಾಯಿಯನ್ನು ಮೀರಿಸಿತು. ಕಾಲೇಜಿನಲ್ಲಿ ಹೆಸರಾದ ತರಬೇತುದಾರನಿಗೆ ವೃತ್ತಿಪರ ತಂಡದ ಒಡೆಯರು ಕರೆ ಕಳುಹಿಸುವ ವಾಡಿಕೆ ಈ ಚರಿತ್ರೆಯಿಂದಲೇ ಬಂದುದು.

ಆ ವಾಡಿಕೆಗೆ ಬಲ ಕೊಟ್ಟವರಲ್ಲಿ ಪಾಲ್ ಬ್ರೌನ್ ಅಗ್ರಗಣ್ಯನು. ಅವನು 1942ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ತಂಡವನ್ನು ರಾಷ್ಟ್ರದ ಅಗ್ರಸ್ಥಾನಕ್ಕೆ ಏರಿಸಿದನು. 1946ರಲ್ಲಿ ಕ್ಲೀವ್‌ಲೆಂಡ್ ನಗರದ ಹೊಸ ವೃತ್ತಿಪರ ತಂಡವನ್ನು ವಹಿಸಿಕೊಂಡನು. ಅಂದಿನಿಂದ 1955ರವರೆಗೆ ಹತ್ತು ವರ್ಷವೂ ಅವನ ತಂಡ ಅಂತಿಮ ಪಂದ್ಯವನ್ನು ಮುಟ್ಟಿ, ಏಳು ಸಲ ಗೆದ್ದಿತು. 1941ರಲ್ಲಿ ಒಹಾಯೊ ಸ್ಟೇಟ್ ಸೋತುದು ನಾರ್ತ್‌ವೆಸ್ಟರ್ನ್ ತಂಡವೊಂದಕ್ಕೆ ಮಾತ್ರ. ಆ ತಂಡದಲ್ಲಿದ್ದ ಆಟೊ ಗ್ರಹಾಮನನ್ನೇ ಬ್ರೌನನು ಕ್ಲೀವ್‌ಲೆಂಡಿಗೆ ಕರೆತಂದು ತನ್ನ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ, ಎಂದರೆ ಪ್ರತಿಯೊಂದು ದಾಳಿಯನ್ನೂ ನಡೆಸುವ ಸೂತ್ರಧಾರನಾಗಿ, ನಿಲ್ಲಿಸಿದನು. ಕಾಲೇಜಿನ ಅನುಭವ ವೃತ್ತಿಪರ ಆಟಕ್ಕೆ ಹೇಗೆ ಒದಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

2. ಅಧಿಕಾರದ ಸ್ವರೂಪಭೇದ

ಹಾಗಿದ್ದರೆ ಬ್ರೌನನ ಹಾದಿಯನ್ನು ಹಿಡಿದ ಅನೇಕರು ಎಡವಿದುದೇಕೆ? ಎರಡು ಸಂಸ್ಥೆಗಳಲ್ಲಿ ತರಬೇತುದಾರನಿಗಿರುವ ಅಧಿಕಾರದ ಸ್ವರೂಪವನ್ನು ಹೋಲಿಸಿದಲ್ಲದೆ ಇದಕ್ಕೆ ಉತ್ತರ ದೊರೆಯದು.

ಕಾಲೇಜಿನಲ್ಲಿ ಆಟಗಾರರನ್ನು ಆರಿಸಿ ಒಲಿಸಿಕೊಳ್ಳುವವನು ತರಬೇತುದಾರನೇ. ಹೈಸ್ಕೂಲಿನ ಹುಡುಗರ ಮನೆಮನೆಗೆ ಹೋಗಿ, ತಂದೆತಾಯಿಗಳೊಡನೆ ಮಾತನಾಡಿ, ಅವರ ವಿಶ್ವಾಸ ಗಳಿಸಬಲ್ಲವನಿಗೆ ದೇಶದ ಅತ್ಯುತ್ತಮ ಆಟಗಾರರು ವರ್ಷವರ್ಷವೂ ದೊರೆಯುತ್ತಾರೆ. ಗೆಲವು ಹೊಸ ಪ್ರತಿಭೆಯನ್ನು ತರುತ್ತದೆ, ಪ್ರತಿಭೆ ಮತ್ತೆ ಗೆಲವನ್ನು ತರುತ್ತದೆ. ವೃತ್ತಿಪರ ಲೀಗಿನಲ್ಲಿ ನಿಯಮವೇ ಇದಕ್ಕೆ ವಿರುದ್ಧ. 1936ರಿಂದ ಅಲ್ಲಿ ನಡೆದುಬಂದಿರುವ ಡ್ರಾಫ್ಟ್ ಎಂಬ ಸರದಿಯ ಆಯ್ಕೆಯಲ್ಲಿ, ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಹಕ್ಕು, ಗೆದ್ದ ತಂಡಕ್ಕೆ ಕೊನೆಯ ಹಕ್ಕು. 1994ರಿಂದ ಪ್ರತಿ ತಂಡದ ಒಟ್ಟು ವೇತನಕ್ಕೂ ಮಿತಿ ಬಂದಿದೆ. ಒಂದು ಕಡೆ ಸಂಪತ್ತು ಸಂಪತ್ತನ್ನು ಕೂಡುತ್ತದೆ. ಇನ್ನೊಂದು ಕಡೆ ಸಮಪಾಲಿನ ಶಾಸನ ಎಲ್ಲರನ್ನೂ ನಡುವಿನ ಮಟ್ಟಕ್ಕೆ ಎಳೆಯುತ್ತದೆ.

ಆಟಗಾರನ ಸ್ಥಿತಿಯೂ ಬೇರೆ. ಕಾಲೇಜಿನವನು ಹದಿನೆಂಟು ಇಪ್ಪತ್ತರ ವಿದ್ಯಾರ್ಥಿ. ಅವನು ಮತ್ತೊಂದು ಕಾಲೇಜಿಗೆ ಹೋಗಬೇಕಾದರೆ ಬಹುಕಾಲದವರೆಗೆ ಒಂದು ವರ್ಷದ ಆಟವನ್ನೇ ಕಳೆದುಕೊಳ್ಳಬೇಕಾಗಿತ್ತು. ಅವನ ಮೇಲೆ ತರಬೇತುದಾರನ ಮಾತು ಗುರುವಿನ ಮಾತಿನಂತೆ ನಡೆಯುತ್ತಿತ್ತು. ವೃತ್ತಿಪರ ಆಟಗಾರನಾದರೋ ಕರಾರಿನಿಂದ ಬದ್ಧನಾದ ಪ್ರಾಯಸ್ಥ. ಎಷ್ಟೋ ವೇಳೆ ತರಬೇತುದಾರನಿಗಿಂತ ಅವನ ಸಂಪಾದನೆಯೇ ಹೆಚ್ಚು. ಅವನನ್ನು ಗದರಿಸಿ ಆಡಿಸಲಾಗದು, ಒಪ್ಪಿಸಿ ಆಡಿಸಬೇಕು.

3. ವೈಫಲ್ಯದ ನಿದರ್ಶನಗಳು

ಫ್ಲಾರಿಡ ವಿಶ್ವವಿದ್ಯಾನಿಲಯದಲ್ಲಿ 1990ರಿಂದ 2001ರವರೆಗೆ 122 ಪಂದ್ಯಗಳನ್ನು ಗೆದ್ದು ಕೇವಲ 27ರಲ್ಲಿ ಸೋತಿದ್ದ ಸ್ಟೀವ್ ಸ್ಪರಿಯರ್, ವಾಷಿಂಗ್ಟನ್ನಿನ ವೃತ್ತಿಪರ ತಂಡದಲ್ಲಿ 2002 ಮತ್ತು 2003ರಲ್ಲಿ 12 ಗೆದ್ದು 20 ಸೋತು ಹೊರಬಂದನು. ಕಾಲೇಜುಗಳಲ್ಲಿ 187 ಗೆಲವು, 32 ಸೋಲು ಗಳಿಸಿ ಮೂರು ಸಲ ರಾಷ್ಟ್ರದ ಅಗ್ರಸ್ಥಾನ ಪಡೆದಿದ್ದ ಅರ್ಬನ್ ಮೈಯರನು 2021ರಲ್ಲಿ ಜಾಕ್ಸನ್‌ವಿಲ್ ತಂಡದೊಡನೆ ಒಂದು ವರ್ಷವನ್ನೂ ಪೂರೈಸಲಿಲ್ಲ. 2 ಗೆಲವು, 11 ಸೋಲುಗಳ ಬಳಿಕ ಅವನನ್ನು ತೆಗೆದುಹಾಕಿದರು.

ಎಲ್ಲಕ್ಕಿಂತ ಬೋಧಪ್ರದವಾದುದು ನಿಕ್ ಸೇಬನನ ಪ್ರಕರಣ. ಲೂಸಿಯಾನಾ ಸ್ಟೇಟಿನಲ್ಲಿ 2003ರ ಸಾಲಿನ ಅಗ್ರಪ್ರಶಸ್ತಿ ಗಳಿಸಿದ್ದ ಅವನು ಮಯಾಮಿಯ ವೃತ್ತಿಪರ ತಂಡದಲ್ಲಿ 2005 ಮತ್ತು 2006ರಲ್ಲಿ ಕಂಡುದು 15 ಗೆಲವು, 17 ಸೋಲು. 2006ರಲ್ಲಿ ಆ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಬೇಕಾಗಿತ್ತು. ಡ್ರೂ ಬ್ರೀಸ್ ದೊರೆಯುವಂತಿದ್ದರೂ ಅವನ ಭುಜದ ಗಾಯವನ್ನು ಕುರಿತು ವೈದ್ಯರು ಶಂಕಿಸಿದ್ದರಿಂದ ಡಾಂಟೆ ಕಲ್‌ಪೆಪರನನ್ನು ಆರಿಸಿಕೊಂಡರು. ಬ್ರೀಸನು ನ್ಯೂ ಆರ್ಲಿಯನ್ಸ್ ಸೇರಿ 2010ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂಬ ಮಹಾಪಂದ್ಯವನ್ನು ಗೆದ್ದನು. ಸೇಬನನು ಆಲಬಾಮಕ್ಕೆ ಹೋಗಿ ಅಲ್ಲಿ ಆರು ಅಗ್ರಪ್ರಶಸ್ತಿಗಳನ್ನು ಗಳಿಸಿದನು. ಒಂದೇ ವ್ಯಕ್ತಿ, ಒಂದೇ ಬುದ್ಧಿ, ಅದೇ ಶಿಸ್ತು. ಆದರೂ ಫಲ ಬೇರೆ. ಕಾಲೇಜಿನಲ್ಲಿ ಒಂದು ಆಯ್ಕೆ ತಪ್ಪಿದರೆ ಮುಂದಿನ ವರ್ಷ ಹತ್ತು ಮಂದಿ ಬರುತ್ತಾರೆ. ವೃತ್ತಿಪರ ಆಟದಲ್ಲಿ ತಪ್ಪಿದ ಒಂದು ಆಯ್ಕೆಯನ್ನು ತಿದ್ದಲು ಹಲವು ವರ್ಷ ಸಾಲದು.

4. ಸಾಫಲ್ಯದ ನಿದರ್ಶನಗಳು

ಕಾಲೇಜಿನ ಅಗ್ರಪ್ರಶಸ್ತಿಯನ್ನೂ ಸೂಪರ್ ಬೌಲನ್ನೂ ಗೆದ್ದ ತರಬೇತುದಾರರು ಇದುವರೆಗೆ ಮೂವರೇ: ಜಿಮ್ಮಿ ಜಾನ್‌ಸನ್, ಬ್ಯಾರಿ ಸ್ವಿಟ್ಜರ್ ಮತ್ತು ಪೀಟ್ ಕ್ಯಾರಲ್. ಇವರಲ್ಲಿ ಸ್ವಿಟ್ಜರನು ಜಾನ್‌ಸನ್ ಕಟ್ಟಿಹೋಗಿದ್ದ ಡಲ್ಲಾಸ್ ತಂಡದ ಬಹುಭಾಗವನ್ನು ಹಿಡಿದುಕೊಂಡೇ ಗೆದ್ದವನಾದ್ದರಿಂದ ಉಳಿದಿಬ್ಬರ ಕಡೆಗೆ ಗಮನ ಕೊಡುವುದು ಯುಕ್ತ.

ಜಾನ್‌ಸನ್ ಮಯಾಮಿ ವಿಶ್ವವಿದ್ಯಾನಿಲಯದಿಂದ 1989ರಲ್ಲಿ ಡಲ್ಲಾಸಿಗೆ ಬಂದನು. ಮೊದಲ ವರ್ಷ ಗೆದ್ದುದು ಒಂದೇ ಪಂದ್ಯ, ಸೋತುದು ಹದಿನೈದು. ಆದರೆ ಅದೇ ವರ್ಷ ಅವನು ತನ್ನ ಅತ್ಯಂತ ಬೆಲೆಬಾಳುವ ಆಟಗಾರನಾದ ಹರ್ಷಲ್ ವಾಕರನನ್ನು ಮಿನಸೋಟಾ ತಂಡಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ ಹಲವು ಆಟಗಾರರನ್ನೂ ಮುಂದಿನ ವರ್ಷಗಳ ಆಯ್ಕೆಯ ಹಕ್ಕುಗಳನ್ನೂ ಪಡೆದನು. ಕಾಲೇಜುಗಳ ಆಟಗಾರರನ್ನು ಹತ್ತಿರದಿಂದ ಬಲ್ಲ ಅವನಿಗೆ ಆ ಹಕ್ಕುಗಳು ಇತರರ ಕೈಯಲ್ಲಿದ್ದುದಕ್ಕಿಂತ ಹೆಚ್ಚು ಬೆಲೆಯುಳ್ಳವಾದುವು. 1992 ಮತ್ತು 1993ರ ಸಾಲುಗಳಲ್ಲಿ ಡಲ್ಲಾಸ್ ಸೂಪರ್ ಬೌಲನ್ನು ಗೆದ್ದಿತು. ತಂಡದ ಹೊಸ ಒಡೆಯನು ಜಾನ್‌ಸನ್ನನ ಕಾಲೇಜು ಒಡನಾಡಿಯಾಗಿದ್ದು, ಆ ಕಹಿ ವರ್ಷದ ಬಳಿಕವೂ ಅವನನ್ನು ಉಳಿಸಿಕೊಂಡನೆಂಬುದನ್ನು ಮರೆಯಬಾರದು.

ಕ್ಯಾರಲ್ 1984ರಿಂದ 1999ರವರೆಗೆ ವೃತ್ತಿಪರ ಲೀಗಿನಲ್ಲಿಯೇ ದುಡಿದು, ಎರಡು ತಂಡಗಳಿಂದ ಹೊರಬಿದ್ದವನು. ಬಳಿಕ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಂಡವನ್ನು 2003 ಮತ್ತು 2004ರಲ್ಲಿ ಪತ್ರಕರ್ತರ ಮತಗಣನೆಯ ಅಗ್ರಸ್ಥಾನಕ್ಕೇರಿಸಿ, 2010ರಲ್ಲಿ ಸಿಯಾಟಲಿಗೆ ಬಂದನು. ಅಲ್ಲಿ 2011ರ ಐದನೆಯ ಸುತ್ತಿನಲ್ಲಿ ರಿಚರ್ಡ್ ಶೆರ್ಮನ್, 2012ರ ಮೂರನೆಯ ಸುತ್ತಿನಲ್ಲಿ ರಸೆಲ್ ವಿಲ್ಸನ್ ಎಂಬ, ಇತರರು ಬಿಟ್ಟುಬಿಟ್ಟಿದ್ದ ಆಟಗಾರರು ದೊರೆತರು. 2014ರ ಫೆಬ್ರವರಿಯ ಸೂಪರ್ ಬೌಲಿನಲ್ಲಿ ಸಿಯಾಟಲ್ 43-8 ಅಂಕಗಳಿಂದ ಗೆದ್ದಿತು.

5. ಸಾಕ್ಷ್ಯವನ್ನು ಓದುವ ಬಗೆ

ಮೇಲಿನ ಸಂಗತಿಗಳಿಂದ ಅವಸರದ ತೀರ್ಮಾನಕ್ಕೆ ಬರುವುದು ಸಲ್ಲದು. ವೃತ್ತಿಪರ ಆಟದ ಪೂರ್ವಾನುಭವವೇ ಯಶಸ್ಸಿನ ಬೀಗದಕೈ ಎಂದು ಕೆಲವರು ಹೇಳಬಹುದು. ಆದರೆ ಸೇಬನನಿಗೆ ಆ ಅನುಭವವಿತ್ತು, ಸ್ಪರಿಯರನು ತಾನೇ ವೃತ್ತಿಪರ ಆಟಗಾರನಾಗಿದ್ದನು. ಜಾನ್‌ಸನ್ನನಿಗೆ ಎರಡೂ ಇರಲಿಲ್ಲ. ಇನ್ನೊಂದು ಅಂಶ: ಒಳ್ಳೆಯ ತಂಡದಲ್ಲಿ ಸ್ಥಾನ ಸುಲಭವಾಗಿ ತೆರವಾಗುವುದಿಲ್ಲ. ಹೊರಗಿನಿಂದ ಕರೆ ಬರುವುದು ಬಹುಮಟ್ಟಿಗೆ ಸೋತು ಸುಣ್ಣವಾದ ತಂಡಗಳಿಂದ. ರೋಗಿ ಸತ್ತನೆಂದು ಕೊನೆಗೆ ಬಂದ ವೈದ್ಯನನ್ನೇ ದೂರುವಂತೆ, ತಂಡದ ಹಳೆಯ ದೌರ್ಬಲ್ಯವನ್ನು ಹೊಸಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಾನ್‌ಸನ್ನನನ್ನು ಮೊದಲ ವರ್ಷದ ಕೊನೆಗೇ ತೆಗೆದುಹಾಕಿದ್ದರೆ ಅವನ ಹೆಸರೂ ವಿಫಲರ ಪಟ್ಟಿಯಲ್ಲಿರುತ್ತಿತ್ತು. ಅಂತೆಯೇ ಜೀವಮಾನವೆಲ್ಲ ವೃತ್ತಿಪರ ಆಟದಲ್ಲಿಯೇ ಕಳೆದವರಲ್ಲಿಯೂ ವಿಫಲರು ಅನೇಕರು. ಅವರ ಸೋಲಿಗೆ ಯಾರೂ ಅವರ ಮೂಲವನ್ನು ಕಾರಣವಾಗಿ ಹೇಳುವುದಿಲ್ಲ.

ಆದರೂ ಗೆದ್ದವರಲ್ಲಿ ಮೂರು ಸಾಮಾನ್ಯ ಲಕ್ಷಣಗಳು ಕಾಣುತ್ತವೆ. ಆಟಗಾರರನ್ನು ಆರಿಸುವುದರಲ್ಲಿ ಅವರ ಮಾತು ನಡೆಯುತ್ತಿತ್ತು. ನಂಬಬಹುದಾದ ಕ್ವಾರ್ಟರ್‌ಬ್ಯಾಕ್ ಅವರಿಗೆ ದೊರೆತನು. ಮೊದಲ ಸೋಲುಗಳನ್ನು ಸಹಿಸುವಷ್ಟು ಕಾಲಾವಕಾಶವೂ ಇತ್ತು. ಇವುಗಳಲ್ಲಿ ಎರಡನೆಯದು ಅರ್ಧ ಅದೃಷ್ಟ. ಮೂರನೆಯದು ಪೂರ್ತಿಯಾಗಿ ಒಡೆಯನ ತಾಳ್ಮೆ.

6. ಉಪಸಂಹಾರ

ಇಂದು ಪ್ರಶ್ನೆಯ ನೆಲೆಯೇ ಬದಲಾಗುತ್ತಿದೆ. 2021ರಿಂದ ಕಾಲೇಜಿನ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಗಿದೆ, ಕಾಲೇಜನ್ನೂ ಸುಲಭವಾಗಿ ಬದಲಿಸಬಹುದಾಗಿದೆ. 2025ರ ನ್ಯಾಯಾಲಯದ ಒಡಂಬಡಿಕೆಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಆದರೂ ಎರಡು ಅಂಗಣಗಳು ಒಂದೇ ಆಗಿಲ್ಲ. ಆರು ಸಲ ಸೂಪರ್ ಬೌಲ್ ಗೆದ್ದ ಬಿಲ್ ಬೆಲಿಚಿಕ್ 2024ರ ಕೊನೆಗೆ ಉತ್ತರ ಕೆರೊಲಿನ ವಿಶ್ವವಿದ್ಯಾನಿಲಯಕ್ಕೆ ಬಂದು, ಮೊದಲ ವರ್ಷವಾದ 2025ರಲ್ಲಿ ಗೆದ್ದುದು 12ರಲ್ಲಿ 4 ಪಂದ್ಯ. ಕಷ್ಟ ಮೇಲಕ್ಕೇರುವುದರಲ್ಲಿ ಮಾತ್ರವಿಲ್ಲ, ದಾಟುವುದರಲ್ಲಿದೆಯೆಂದು ಇದರಿಂದ ಊಹಿಸಬಹುದು.

ಆದುದರಿಂದ ಕಾಲೇಜಿನ ತರಬೇತುದಾರನು ವೃತ್ತಿಪರ ಆಟದಲ್ಲಿ ಗೆಲ್ಲಲಾರನೆಂಬ ಮಾತು ಚರಿತ್ರೆಗೆ ಸಮ್ಮತವಲ್ಲ. ಕಾಲೇಜಿನಲ್ಲಿ ಗೆದ್ದುದರಿಂದಲೇ ಅಲ್ಲಿಯೂ ಗೆಲ್ಲುವನೆಂಬುದೂ ಅಲ್ಲ. ತನ್ನ ಗೆಲವಿನಲ್ಲಿ ತನ್ನ ಪಾಲೆಷ್ಟು, ತನ್ನ ಪೀಠದ ಪಾಲೆಷ್ಟು ಎಂಬುದನ್ನು ಅರಿತು, ಪೀಠದ ಪಾಲನ್ನು ಹಿಂದೆ ಬಿಟ್ಟು ಬರಬಲ್ಲವನು ಮಾತ್ರ ಎರಡನೆಯ ಅಂಗಣದಲ್ಲಿ ನಿಲ್ಲುತ್ತಾನೆ. ವಿದ್ಯಾರ್ಥಿಗಳ ವಿಧೇಯತೆಯನ್ನು ತನ್ನ ವಿದ್ವತ್ತಿಗೆ ಸಂದ ಗೌರವವೆಂದೇ ಭಾವಿಸುವ ಅಪಾಯ ಅಧ್ಯಾಪಕರಾದ ನಮಗೂ ಇಲ್ಲದಿಲ್ಲ.