ಇಬ್ಬರು ಮೂವರ ನಡುವೆ: ಕ್ರಿಸ್ತರ ಸಾನ್ನಿಧ್ಯ ಮತ್ತು ನಮ್ಮ ಉತ್ತೇಜನ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಕಾವೇರಿಯ ಈಚೆ ದಡದ ಊರು. ಹೊಳೆ ದಾಟಿದರೆ ಕುಶಾಲನಗರ. ಅಲ್ಲಿಂದ ಮುಂದೆ ಕೊಡಗು. ಆಗಮನ ಕಾಲದ ಒಂದು ಸಂಜೆ ಆ ಭಾಗದ ಮನೆಯೊಂದರಲ್ಲಿ ಪ್ರಾರ್ಥನಾಕೂಟವಿತ್ತು. ನಮ್ಮೊಡನೆ ಬಂದಿದ್ದ ಗುರುಮಠದ ವಿದ್ಯಾರ್ಥಿಯೊಬ್ಬರು ಅದನ್ನು ನಡೆಸಿಕೊಟ್ಟರು. ಕಾಫಿ ಕೊಯ್ಲಿನ ದಿನಗಳಾದ್ದರಿಂದ ದುಡಿಯುವವರು ಬಹಳಷ್ಟು ಮಂದಿ ತೋಟಗಳಿಂದ ಇನ್ನೂ ಮರಳಿರಲಿಲ್ಲ. ಇಬ್ಬರು ಮಕ್ಕಳೂ ಸೇರಿ ಬಂದವರು ಏಳು ಮಂದಿ. ಹಿಂದಿರುಗುವ ದಾರಿಯಲ್ಲಿ ಆ ತರುಣರು, "ಯಾರೂ ಬರಲಿಲ್ಲವಲ್ಲ, ಫಾದರ್" ಎಂದರು.

ಏಳು ಮಂದಿಯನ್ನು ಕಣ್ಣಾರೆ ಕಂಡ ಮೇಲೂ ಯಾರೂ ಬರಲಿಲ್ಲ ಎನ್ನಿಸುವುದು ಅವರೊಬ್ಬರ ಅನುಭವವಲ್ಲ. ಉಪಕೇಂದ್ರಗಳಿಗೆ ಹೋಗಿ ಬರುವ ಗುರುಗಳೆಲ್ಲರೂ ಎಂದಾದರೊಮ್ಮೆ ಹೀಗೆ ಲೆಕ್ಕ ಹಾಕಿದವರೇ. ನಾವೂ ಹಾಕಿದ್ದೇವೆ. ಆದುದರಿಂದ ಕ್ರಿಸ್ತರು ನಮ್ಮೊಡನಿದ್ದಾರೆ ಎಂಬ ಮಾತಿನಿಂದ ವಿಶ್ವಾಸಿಗೆ ದೊರೆಯುವ ಉತ್ತೇಜನವೆಂದರೆ ನಿಜವಾಗಿ ಏನೆಂದು ವಿಚಾರಿಸುವುದು ಉಚಿತ.

ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ಮೊದಲಿಗೇ ಸಂತ ಪೌಲರು ಕ್ರಿಸ್ತರಲ್ಲಿರುವ ಉತ್ತೇಜನವನ್ನು ಪ್ರಸ್ತಾಪಿಸುತ್ತಾರೆ. ಅಲ್ಲಿ ಬಳಕೆಯಾಗಿರುವ ಗ್ರೀಕ್ ಪದ ‘ಪರಾಕ್ಲೇಸಿಸ್’. ಪಕ್ಕಕ್ಕೆ ಕರೆಯುವುದು ಎಂಬ ಕ್ರಿಯಾಪದದಿಂದ ಅದು ಹುಟ್ಟಿದೆ. ಸಾಂತ್ವನ, ಬುದ್ಧಿಮಾತು, ಧೈರ್ಯ ತುಂಬುವುದು ಎಲ್ಲವೂ ಅದರಲ್ಲಿ ಅಡಕವಾಗಿವೆ. ಯೊವಾನ್ನರ ಶುಭಸಂದೇಶದಲ್ಲಿ ಪವಿತ್ರಾತ್ಮರಿಗೆ ಸಲ್ಲುವ ‘ಪರಾಕ್ಲೇತ’ ಎಂಬ ಹೆಸರಿನ ಬೇರೂ ಅದೇ. ಹೀಗೆ ಉತ್ತೇಜನವೆಂಬುದು ಮೂಲತಃ ಒಂದು ಭಾವನೆಯಲ್ಲ. ಒಬ್ಬರು ಪಕ್ಕದಲ್ಲಿರುವ ಸಂಗತಿ. ಭಾವನೆ ಏರಬಹುದು, ಇಳಿಯಬಹುದು. ಪಕ್ಕದಲ್ಲಿರುವವರು ಅದರೊಡನೆ ಬಂದು ಹೋಗುವುದಿಲ್ಲ.

ಇಬ್ಬರು ಮೂವರು ಕೂಡಿದಲ್ಲಿ ತಾವಿರುವುದಾಗಿ ಯೇಸು ನುಡಿದದ್ದು ಮತ್ತಾಯನ 18ನೆಯ ಅಧ್ಯಾಯದಲ್ಲಿ. ಜನ ಕಡಿಮೆಯಾದಾಗ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಾಗಿ ನಾವು ಅದನ್ನು ಬಳಸುತ್ತೇವೆ. ಅದು ತಪ್ಪೆಂದಲ್ಲ, ಆದರೆ ಅದರ ಹಿಂದುಮುಂದನ್ನು ಓದಬೇಕು. ಹಿಂದೆ ತಪ್ಪಿಹೋದ ಕುರಿಯ ಸಾಮತಿ, ಆಮೇಲೆ ತಪ್ಪು ಮಾಡಿದ ಸಹೋದರನನ್ನು ಮರಳಿ ಗಳಿಸಿಕೊಳ್ಳುವ ಕ್ರಮ. ಮುಂದೆ, ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆ. ಎಂದರೆ ಈ ವಾಗ್ದಾನ ಬರುವುದು ಬಿದ್ದವರನ್ನು ಬರಮಾಡಿಕೊಳ್ಳುವ ಪ್ರಸಂಗದ ನಡುವೆ. ಶುಭಸಂದೇಶದ ಕೊನೆಯಲ್ಲಿ, ಯುಗಾಂತ್ಯದವರೆಗೂ ಜೊತೆಗಿರುವ ಭರವಸೆ ದೊರೆತವರಾದರೂ ಯಾರು? ಗೆತ್ಸೆಮನೆಯಲ್ಲಿ ಓಡಿಹೋಗಿದ್ದ ಹನ್ನೊಂದು ಮಂದಿ. ಬೆಟ್ಟದ ಮೇಲೆ ಆರಾಧಿಸುತ್ತಿರುವಾಗಲೂ ಕೆಲವರು ಸಂಶಯಪಟ್ಟರೆಂದು ಮತ್ತಾಯನು ಮುಚ್ಚಿಡದೆ ಬರೆಯುತ್ತಾನೆ. ಸಾನ್ನಿಧ್ಯವು ಸ್ಥಿರತೆಗೆ ಸಿಕ್ಕ ಬಹುಮಾನವಾಗಿದ್ದರೆ ಅವರಿಗೆ ಅದು ದಕ್ಕುತ್ತಿರಲಿಲ್ಲ.

ಇದನ್ನು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಪರೀಕ್ಷಿಸಬಹುದು. 1784ರ ವಿಭೂತಿ ಬುಧವಾರದಂದು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರ ಸೆರೆ ಆರಂಭವಾಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು. ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಸಂಖ್ಯೆಯ ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನಮ್ಮ ವಿಚಾರಕ್ಕೆ ಅದು ಮುಖ್ಯವೂ ಅಲ್ಲ. ಹಾದಿಯಲ್ಲಿ ಸತ್ತವರುಂಟು, ಒತ್ತಾಯಕ್ಕೆ ಮಣಿದು ಮತ ಬಿಟ್ಟವರುಂಟು, ತಪ್ಪಿಸಿಕೊಂಡವರುಂಟು. ಹಾಗೆ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ರ ಆ ದಿನಗಳಲ್ಲಿದೆ. ಉಳಿದವರ ಸೆರೆ ಮುಗಿದದ್ದು 1799ರ ಮೇ 4ರಂದು, ಕೋಟೆ ಬಿದ್ದಾಗ. ಹದಿನೈದು ವರ್ಷಗಳು! ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ.

ಅನಂತರ ಶ್ರೀರಂಗಪಟ್ಟಣಕ್ಕೆ ಬಂದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬ್ವಾ. ಮೈಸೂರು ಸೀಮೆಯಲ್ಲಿ ದೇವಿ ಹಾಕಿಸುವ ಕೆಲಸಕ್ಕೆ ಮುಂದಾಗಿ ನಿಂತವರೂ ಅವರೇ; ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. 1823ರಲ್ಲಿ ಅವರು ಭಾರತವನ್ನು ಬಿಟ್ಟಾಗ ಮನಸ್ಸು ಕುಗ್ಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಸೆರೆಯಾದ ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ರಕ್ತಸಾಕ್ಷಿಯಾದವನು ಒಬ್ಬನೂ ಇಲ್ಲವೆಂದು ಅವರು ನಾಚಿಕೆಪಟ್ಟು ಬರೆದರು. ಕರಾವಳಿಯ ಕ್ರೈಸ್ತರ ನೆನಪು ಈ ತೀರ್ಪನ್ನು ಒಪ್ಪುವುದಿಲ್ಲ. ಆದರೆ ವಾದಕ್ಕಾಗಿ ಅದನ್ನು ಹಾಗೆಯೇ ಇಟ್ಟುಕೊಳ್ಳೋಣ. ಆಗಲೂ ಒಂದು ಸಂಗತಿ ಉಳಿಯುತ್ತದೆ, ಅದಕ್ಕೆ ದುಬ್ವಾ ಅವರೇ ಸಾಕ್ಷಿ: ಕೋಟೆಯ ಬಾಗಿಲು ತೆರೆದಾಗ ಆ ಜನ ಮರಳಿದರು. ಧರ್ಮಸಭೆಯೊಡನೆ ಸಂಧಾನವನ್ನು ಬೇಡಿ ಬಂದರು. ಹದಿನೈದು ವರ್ಷ ಗುರುವಿನ ಮುಖ ಕಾಣದವರಿಗೆ, ಬೇಡಬೇಕೆಂಬ ನೆನಪನ್ನು ಅಷ್ಟು ಕಾಲ ಕಾಪಾಡಿದವರು ಯಾರು?

ದೊಡ್ಡಸ್ವಾಮಿಯವರ ಲೆಕ್ಕ ನಮ್ಮ ವಿದ್ಯಾರ್ಥಿಯ ಲೆಕ್ಕದ ಹಾಗೆಯೇ ಇತ್ತು ಎಂದರೆ ಅವಿನಯವಾದೀತೇನೋ. ಮೂವತ್ತೊಂದು ವರ್ಷ ದುಡಿದ ಆ ಹಿರಿಯರ ಬಗ್ಗೆ ನಮಗೆ ಗೌರವವಿದೆ. ಆದರೂ ಅವರು ಎಣಿಸಿದ್ದು ರಕ್ತಸಾಕ್ಷಿಗಳನ್ನು. ಎದುರಿಗೆ ನಿಂತಿದ್ದವರು ತಪ್ಪಿಹೋಗಿ ಸಿಕ್ಕ ಕುರಿಗಳು.

ಈ ಸಾನ್ನಿಧ್ಯವನ್ನು ಧರ್ಮಸಭೆ ಬರಿಯ ಅಲಂಕಾರದ ಮಾತೆಂದು ಭಾವಿಸಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಆರಾಧನಾ ವಿಧಿಯ ಸಂವಿಧಾನದ 7ನೆಯ ಪರಿಚ್ಛೇದದಲ್ಲಿ, ಕ್ರಿಸ್ತರು ಬಲಿಪೂಜೆಯಲ್ಲಿ, ಅದನ್ನರ್ಪಿಸುವ ಗುರುವಿನಲ್ಲಿ, ವಿಶೇಷವಾಗಿ ಪರಮಪ್ರಸಾದದಲ್ಲಿ, ಸಂಸ್ಕಾರಗಳಲ್ಲಿ, ವಾಕ್ಯದಲ್ಲಿ, ಪ್ರಾರ್ಥಿಸುವ ಸಭೆಯಲ್ಲಿ ಇರುವುದನ್ನು ಬೋಧಿಸುತ್ತದೆ. 1965ರ ‘ಮಿಸ್ತೇರಿಯುಮ್ ಫಿದೇಯಿ’ ವಿಶ್ವಪತ್ರದಲ್ಲಿ ಆರನೆಯ ಪೌಲರು ಒಂದು ಹೆಜ್ಜೆ ಮುಂದೆ ಹೋಗಿ, ಪರಮಪ್ರಸಾದದ ಸಾನ್ನಿಧ್ಯವನ್ನು ‘ನೈಜ’ವೆನ್ನುವುದು ಉಳಿದವು ನೈಜವಲ್ಲವೆಂದು ಸೂಚಿಸಲು ಅಲ್ಲ, ಅದು ಪರಮಾರ್ಥದಲ್ಲಿ ಪರಿಪೂರ್ಣವಾದುದರಿಂದ ಎಂದು ವಿವರಿಸಿದರು. ಅಂದ ಮೇಲೆ ಆ ಮನೆಯ ಏಳು ಮಂದಿಯ ನಡುವೆ ಕ್ರಿಸ್ತರು ಇದ್ದುದು ನೈಜ.

ಹಾಗಾದರೆ ಗುರು ಏಕೆ, ಬಲಿಪೂಜೆ ಏಕೆ ಎಂದು ಕೇಳುವವರಿದ್ದಾರೆ. ತರಗತಿಯಲ್ಲಿ ಈ ಪ್ರಶ್ನೆ ಪ್ರತಿವರ್ಷವೂ ಬರುತ್ತದೆ. ಬಾರದಿದ್ದರೆ ನಮಗೆ ಆತಂಕ. ಎಮ್ಮಾವುವಿನ ದಾರಿಯೇ ಇದಕ್ಕೆ ಉತ್ತರ. ಪ್ರಭು ದಾರಿಯಲ್ಲಿಯೂ ನಿಜವಾಗಿ ಜೊತೆಗಿದ್ದರು, ಶಿಷ್ಯರ ಹೃದಯ ಉರಿಯುತ್ತಿತ್ತು. ಆದರೆ ಆ ಜೊತೆ ಅವರನ್ನು ಊಟಕ್ಕೆ ಕುಳ್ಳಿರಿಸುವ ತನಕ ನಿಲ್ಲಲಿಲ್ಲ. ಒಂದು ಸಾನ್ನಿಧ್ಯ ಇನ್ನೊಂದಕ್ಕೆ ಬದಲಿಯಲ್ಲ. ಒಂದು ಇನ್ನೊಂದರ ಹಸಿವನ್ನು ಹುಟ್ಟಿಸುತ್ತದೆ. ಶ್ರೀರಂಗಪಟ್ಟಣದ ಸೆರೆಯವರು ಗುರುವಿಲ್ಲದೆ ಬದುಕಿದರು, ಆದರೆ ಗುರು ಬೇಡವೆನ್ನಲಿಲ್ಲ.

ಗುರುವಿಲ್ಲದ ಭಾನುವಾರದ ಆರಾಧನೆ ಕುರಿತ 1988ರ ಮಾರ್ಗಸೂಚಿಯಲ್ಲಿ ಇದೇ ವಿವೇಕವಿದೆ. ಪ್ರಾರ್ಥನೆ ನಡೆಸುವ ಶ್ರೀಸಾಮಾನ್ಯರು ಅಧ್ಯಕ್ಷಪೀಠದಲ್ಲಿ ಕೂರುವಂತಿಲ್ಲ. ಕೂಟ ಅಪೂರ್ಣವೆಂದು ಹೀಯಾಳಿಸಲು ಅಲ್ಲ, ಅದು ಯಾವುದಕ್ಕಾಗಿ ಕಾದಿದೆ ಎಂಬುದು ಮರೆಯದಿರಲೆಂದು. ನಮ್ಮ ಉಪದೇಶಿಗಳಿಗೆ ಈ ನಿಯಮವನ್ನು ಕಲಿಸುತ್ತೇವೆ. ಅದರ ಅರ್ಥವನ್ನು ಎಷ್ಟು ಜನ ಕಲಿಸುತ್ತೇವೆ?

ಆ ವಿದ್ಯಾರ್ಥಿಗೆ ಅಂದು ದಾರಿಯಲ್ಲಿ ನಾವು ಇಷ್ಟೆಲ್ಲ ಹೇಳಲಿಲ್ಲ. ಬಂದ ಏಳು ಮಂದಿಯ ಹೆಸರು ಹೇಳಿರೆಂದು ಮಾತ್ರ ಕೇಳಿದೆವು. ಅವರಿಗೆ ಮೂವರ ಹೆಸರು ಗೊತ್ತಿತ್ತು. ಮುಂದಿನ ತಿಂಗಳು ಅದೇ ಮನೆಗೆ ಒಬ್ಬರೇ ಹೋಗಿ ಬಂದರು. ಬಂದವರು ಐವರು. ಎಲ್ಲರ ಹೆಸರನ್ನೂ, ಬಾರದೆ ಉಳಿದ ಇಬ್ಬರು ಯಾವ ತೋಟಕ್ಕೆ ಹೋಗಿದ್ದಾರೆಂಬುದನ್ನೂ ಊಟದ ಹೊತ್ತಿಗೆ ನಮಗೆ ಹೇಳಿದರು.