ಮತ್ತೆ ಮತ್ತೆ ಕಾಡುವ ಉರಿಮೂತ್ರ

ಮದುವೆಗೆ ಹೊರಟರೆ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ, ಹೇಳಿ? ಛತ್ರದ ಬಚ್ಚಲು ಹೇಗಿರುತ್ತೋ, ಬಸ್ಸು ಎಲ್ಲಿ ನಿಲ್ಲುತ್ತೋ ಎಂಬ ಭಯ. ನಾನೂ ಹಾಗೇ ಮಾಡುತ್ತಿದ್ದೆ. ಊರಿಗೆ ಮರಳಿದ ಎರಡೇ ದಿನಕ್ಕೆ ಉರಿ, ಕಿಬ್ಬೊಟ್ಟೆ ನೋವು, ಗಳಿಗೆಗೊಮ್ಮೆ ಬಚ್ಚಲಿಗೆ ಓಟ. "ಉಷ್ಣ ಆಗಿದೆ ಕಣೇ, ಬಾರ್ಲಿ ನೀರು ಕುಡಿ" ಎನ್ನುತ್ತಿದ್ದರು ನಮ್ಮತ್ತೆ. ನಾನು ಹಳೇ ಚೀಟಿಯನ್ನೇ ಔಷಧಿ ಅಂಗಡಿಗೆ ಕಳಿಸಿ ಮಾತ್ರೆ ತರಿಸುತ್ತಿದ್ದೆ. ಉರಿ ನಿಂತ ಕೂಡಲೇ ಉಳಿದ ಮಾತ್ರೆ ಡಬ್ಬಿಗೆ! ವರ್ಷದಲ್ಲಿ ನಾಲ್ಕು ಸಲ ಹೀಗಾಯಿತು.

ಕೊನೆಗೆ ನಾಚಿಕೆ ಬಿಟ್ಟು ಲೇಡಿ ಡಾಕ್ಟರ ಹತ್ತಿರ ಹೋದೆ. "ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಬಂದರೆ ಸುಮ್ಮನಿರಬಾರದಮ್ಮಾ" ಎಂದು ಬೈದರು. ಈ ಸೋಂಕಿಗೆ ಬಹುಪಾಲು ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಎಂಬ ರೋಗಾಣುವಂತೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಮಲದ್ವಾರಕ್ಕೂ ಹತ್ತಿರ. ಅದು ಮೇಲೇರುವುದು ಸುಲಭ. ಇದರಲ್ಲಿ ಕೊಳಕು, ನಡತೆ ಎಂಬ ಮಾತು ಎಲ್ಲಿಂದ ಬಂತು?

ಕರುಳಿನಲ್ಲಿ ನಮಗೆ ಉಪಕಾರ ಮಾಡುವ ಸೂಕ್ಷ್ಮಜೀವಿಗಳೂ ಕೋಟಿಗಟ್ಟಲೆ ಇವೆ. ಆಂಟಿಬಯೋಟಿಕ್ ಮಾತ್ರೆ, ಕಳೆ ಕೀಳಲು ಹೋಗಿ ಸೊಪ್ಪಿನ ಮಡಿಯನ್ನೂ ಕಿತ್ತ ಹಾಗೆ, ಅವನ್ನೂ ಕೊಲ್ಲುತ್ತದೆ. ಅಮೆರಿಕದಲ್ಲಿ 31 ಹೆಂಗಸರನ್ನು ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಸೋಂಕು ಮರುಕಳಿಸುತ್ತಿದ್ದವರ ಕರುಳಿನಲ್ಲಿ ಒಳ್ಳೆಯ ಜೀವಿಗಳ ಬಗೆಗಳೇ ಕಡಿಮೆ. ಮಾತ್ರೆಯಿಂದ ಮೂತ್ರ ಶುದ್ಧವಾದರೂ ಇ. ಕೋಲಿ ಕರುಳಿನಲ್ಲಿ ಉಳಿದೇ ಇತ್ತು. ನನ್ನ ಡಬ್ಬಿಯ ಮಾತ್ರೆಗಳು ನೆನಪಾದವು.

ಹಾಗಾದರೆ ಕರುಳನ್ನೇ ಸರಿಪಡಿಸಿದರೆ? ಆರೋಗ್ಯವಂತರ ಮಲದಿಂದ ಸಿದ್ಧಪಡಿಸಿದ ಸೂಕ್ಷ್ಮಜೀವಿಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯಿದೆ. ಮೂಗು ಮುಚ್ಚಿಕೊಂಡಿರಾ? ನಾನೂ ಮುಚ್ಚಿಕೊಂಡಿದ್ದೆ! ಮರುಕಳಿಸುವ ಒಂದು ಮೊಂಡು ಭೇದಿ ರೋಗಕ್ಕೆ ಅಮೆರಿಕದಲ್ಲಿ 2022ರಲ್ಲಿ ಇಂಥ ಔಷಧಿಗೆ ಒಪ್ಪಿಗೆ ಸಿಕ್ಕಿತು, 2023ರಲ್ಲಿ ನುಂಗುವ ಕ್ಯಾಪ್ಸೂಲಿಗೂ ಸಿಕ್ಕಿತು. ಹೀಗೆ ಚಿಕಿತ್ಸೆ ಪಡೆದ ಕೆಲವರಲ್ಲಿ ಮೂತ್ರದ ಸೋಂಕೂ ಕಡಿಮೆಯಾದದ್ದನ್ನು ವೈದ್ಯರು ಗಮನಿಸಿದ್ದಾರೆ. ಆದರೆ ಉರಿಮೂತ್ರಕ್ಕೆಂದು ಇದಕ್ಕೆ ಒಪ್ಪಿಗೆ ಸಿಕ್ಕಿಲ್ಲ, ಯಾರಾದರೂ ಮಾರಲು ಬಂದರೆ ನಂಬಬೇಡಿ. ಮೊಸರನ್ನ ಸಾಲದೇ ಎನ್ನುತ್ತೀರೇನೋ. ಊಟಕ್ಕೆ ಒಳ್ಳೆಯದೇ, ಔಷಧಿಯಂತೂ ಅಲ್ಲ.

ಸದ್ಯಕ್ಕೆ ನಮ್ಮ ಕೈಲಿರುವುದು ನೀರಿನ ಚೊಂಬು. ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಾ ಒಂದೂವರೆ ಲೀಟರ್ ಹೆಚ್ಚು ಕುಡಿದವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. (ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.) ಮುಟ್ಟು ನಿಂತವರಿಗೆ ಒಳಗೆ ಹಚ್ಚುವ ಈಸ್ಟ್ರೋಜೆನ್ ಮುಲಾಮು ಉಂಟು, ಅದನ್ನೂ ಕೇಳಲು ಸಂಕೋಚ ಬೇಡ. ಮಾತ್ರೆಗೆ ಮುಂಚೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರೆ ಯಾವ ಔಷಧಿ ನಾಟುತ್ತದೆಂದು ತಿಳಿಯುತ್ತದೆ. ಚಳಿಜ್ವರ, ಬೆನ್ನಿನ ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಹೊರಡಿ. ಬಸುರಿಯರಂತೂ ಬರೀ ಉರಿ ಇದ್ದರೂ ತಡ ಮಾಡಬಾರದು.

ಮೊನ್ನೆ ಮೈದುನನ ಮಗಳ ಮದುವೆಗೆ ನೀರಿನ ಬಾಟಲಿ ಹಿಡಿದೇ ಹೋದೆ. ಛತ್ರದ ಬಚ್ಚಲು ಏನೂ ಚೆನ್ನಾಗಿರಲಿಲ್ಲ. ಆದರೂ ಮೂರು ಸಲ ಹೋಗಿ ಬಂದೆ.